ಮಸ್ಕಿಯ ಕಲ್ಲಿನ ಕಾಗದ ಹೊತ್ತು ಲಿಂಗಸುಗೂರಿಗೆ

ಸಿಂಧನೂರಿನಿಂದ ಮಸ್ಕಿಗೆ ಹದಿನೆಂಟು ಮೈಲಿ. ಎಂಟು ಗಂಟೆಗೆ ಬಿಡಬೇಕಾದ ಮೋಟಾರು ಹತ್ತಾದರೂ ಬಿಡಲಿಲ್ಲ. ಪೆಟ್ರೋಲು ಸಿಗದೆ ಅದನ್ನು ಇದ್ದಿಲ ಗ್ಯಾಸಿನ ಮೇಲೆ ಓಡಿಸುತ್ತಿದ್ದರು. ಕ್ಲೀನರ ಹಿಂದಿನ ಒಲೆಗೆ ಗಾಳಿ ಹಾಕಿ ಹಾಕಿ ದಣಿದು, ಬೀಡಿ ಹಚ್ಚಿಕೊಂಡು ಕಟ್ಟೆಯ ಮೇಲೆ ಕುಳಿತ. ನನಗೋ ಸಿಟ್ಟು ಸದಾ ಮೂಗಿನ ತುದಿಯಲ್ಲೇ. ನಾಲ್ಕು ಸಲ ಏಜೆಂಟನ ಮುಂದೆ ಹೋಗಿ ನಿಂತೆ. ನಾಲ್ಕನೆಯ ಸಲ ಅವನು, ಆರಾಣೆ ಕೊಟ್ಟವರೆಲ್ಲ ಹೀಗೆ ಮೈಮೇಲೆ ಬಂದರೆ ತಾನು ಊರು ಬಿಡಬೇಕಾಗುತ್ತದೆ ಎಂದ. ನನ್ನ ಜೊತೆಗಿದ್ದ ದುರುಗಪ್ಪ ಮಾತ್ರ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಬೇವಿನ ಗಿಡದ ಬುಡದಲ್ಲಿ ಕಣ್ಣು ಮುಚ್ಚಿ ಕುಳಿತಿದ್ದ. ಉಸಿರು ಎಣಿಸುತ್ತಿದ್ದಾನೆ ಎಂದು ನನಗೆ ಗೊತ್ತಿತ್ತು. ಅದನ್ನು ನೋಡಿ ನನ್ನ ಸಿಟ್ಟು ಇನ್ನಷ್ಟು ಏರಿತು.

ಆ ಉಸಿರು ಎಣಿಸುವುದೇ ನಮ್ಮ ಪ್ರಯಾಣಕ್ಕೆ ಕಾರಣ. ನಾನು ಸಂಗಯ್ಯ ಮಾಸ್ತರ. ಸಿಂಧನೂರಿನ ಹೊರಗೆ ಹಳೇ ಅರಳೆ ಗೋದಾಮಿನಲ್ಲಿ ಒಂದು ಕನ್ನಡ ಶಾಲೆ ನಡೆಸುತ್ತಿದ್ದೆ. ದುರುಗಪ್ಪ ಹೊಲಗೇರಿಯವನು, ನಲವತ್ತರ ಹತ್ತಿರದವನು. ಶಾಲೆಯ ಕಸ ಹೊಡೆಯುತ್ತಿದ್ದ, ಮಕ್ಕಳನ್ನು ಕರೆತರುತ್ತಿದ್ದ, ನಾನು ಇಲ್ಲದಾಗ ಅಕ್ಷರವನ್ನೂ ತಿದ್ದಿಸುತ್ತಿದ್ದ. ಆಗ ನಾನು ಅವನನ್ನು ದುರುಗ್ಯಾ ಎಂದೇ ಕರೆಯುತ್ತಿದ್ದೆ. ಅದರಲ್ಲಿ ತಪ್ಪಿದೆ ಎಂದು ನನಗಾಗಲಿ ಊರಿಗಾಗಲಿ ಅನಿಸಿರಲಿಲ್ಲ.

ಬಹಳ ವರ್ಷಗಳ ಹಿಂದೆ, ಮಸ್ಕಿ ಗುಡ್ಡದಲ್ಲಿರುವ ಅಶೋಕ ಚಕ್ರವರ್ತಿಯ ಶಾಸನದ ಅಚ್ಚು ತೆಗೆಯಲು ಸರ್ಕಾರದವರು ಬಂದಾಗ ಅವನು ಕೂಲಿಗೆ ಹೋಗಿ ಆ ಕೆಲಸ ಕಲಿತಿದ್ದ. ಇನ್ನೊಂದು ವರ್ಷ ಬೌದ್ಧ ಭಿಕ್ಷು ಒಬ್ಬರು ಆ ಕಲ್ಲು ನೋಡಲು ಬಂದು ಗುಡ್ಡದ ಕೆಳಗೆ ಒಂದು ತಿಂಗಳು ತಂಗಿದರು. ಇವನು ಅವರ ಸೇವೆಗೆ ನಿಂತ. ಮಗಳಿಗೆ ಜ್ವರ ಬಂದಾಗ ತಾಯತ ಕೊಡಿ ಎಂದು ಕೇಳಿದನಂತೆ. ತಾಯತ ತನ್ನ ಹತ್ತಿರ ಇಲ್ಲ, ಈ ಕಲ್ಲಿನ ಅಕ್ಷರ ಇದೆ, ಬೇಕಾದರೆ ಕೊಡುತ್ತೇನೆ ಎಂದರಂತೆ ಅವರು. ಜ್ವರ ಏನಾಯಿತು ಎಂದು ನಾನು ಕೇಳಿದ್ದಕ್ಕೆ, "ಜ್ವರ ದವಾಖಾನಿಯಿಂದ ಹೋತ್ರಿ, ಅಕ್ಷರ ಉಳೀತು" ಎಂದಿದ್ದ. ಅವತ್ತಿನಿಂದ ಅವನು ಬುದ್ಧನಿಗೆ ಕೈಮುಗಿಯುತ್ತಿದ್ದ.

ಆ ಭಿಕ್ಷುವಿನಿಂದ ಕಲಿತ ಎರಡು ರೂಢಿಗಳನ್ನು ಅವನು ನಮ್ಮ ಶಾಲೆಗೆ ತಂದ. ಒಂದು, ಬೆಳಿಗ್ಗೆ ಪಾಠಕ್ಕೆ ಮೊದಲು ಎಲ್ಲರೂ ಕಣ್ಣು ಮುಚ್ಚಿ ಹತ್ತು ಉಸಿರು ಎಣಿಸುವುದು. ಇನ್ನೊಂದು, ಇಬ್ಬರಿಗೆ ಒಂದೇ ಪಾಟಿ. ಅದೂ ಒಂದೇ ಓಣಿಯ ಇಬ್ಬರಿಗಲ್ಲ. ಪಿಂಜಾರ ಓಣಿಯ ಮೌಲಾಸಾಬನ ಮಗಳು ಫಾತಿಮಾ ಬರೆದರೆ ಶೆಟ್ಟರ ನೀಲಮ್ಮ ಓದಬೇಕು. ಆಮೇಲೆ ನೀಲಮ್ಮ ಬರೆದು ಫಾತಿಮಾ ಓದಬೇಕು. ಅರ್ಧ ಪಾಠ ಇನ್ನೊಬ್ಬಳ ಕೈಯಲ್ಲಿ ಇರುವಾಗ ಜಗಳಾಡಿ ಮುಖ ತಿರುಗಿಸಿದರೆ ನಷ್ಟ ತನಗೇ. ಪಾಟಿ ಉಳಿಯುತ್ತದಲ್ಲ ಎಂದು ನಾನು ಒಪ್ಪಿದ್ದೆ. ಸಮಾಧಾನವನ್ನೂ ಮಗ್ಗಿಯ ಹಾಗೆ ದಿನಾ ಹೇಳಿಕೊಟ್ಟರೆ ಮಾತ್ರ ಬರುತ್ತದೆ ಎಂಬುದು ಅವನ ಲೆಕ್ಕ.

ಆದರೆ ವರ್ಷ ಕೆಟ್ಟದ್ದಿತ್ತು. ದಿಲ್ಲಿಯಲ್ಲಿ ಹೊಸ ಬಾವುಟ ಏರಿ ಐದಾರು ತಿಂಗಳಾಗಿತ್ತು. ನಮ್ಮಲ್ಲಿ ನಿಜಾಮರ ಹುಕೂಮತ್ತೇ ನಡೆದಿತ್ತು. ಗಡಿಯ ಆಚೆಯಿಂದ ಜನ ಬಂದು ಸುಂಕದ ನಾಕಾ ಸುಡುತ್ತಾರೆಂದೂ, ಈಚೆಯ ಜನ ಹಳ್ಳಿಗೆ ಬೆಂಕಿ ಇಡುತ್ತಾರೆಂದೂ ದಿನಕ್ಕೊಂದು ಸುದ್ದಿ. ಇಂಥದರಲ್ಲಿ ಯಾರೋ ಅರ್ಜಿ ಹಾಕಿದರು: ಗೋದಾಮಿನ ಶಾಲೆಯಲ್ಲಿ ಬಾಗಿಲು ಹಾಕಿ ಮಕ್ಕಳನ್ನು ಜೋಡಿ ಜೋಡಿಯಾಗಿ ಕೂಡಿಸಿ ಕಣ್ಣು ಮುಚ್ಚಿಸಿ ಆಣೆ ಮಾಡಿಸುತ್ತಾರೆ ಎಂದು. ಮೊದಲು ಪಿಂಜಾರರು ಮಕ್ಕಳನ್ನು ಬಿಡಿಸಿಕೊಂಡರು, ಆಮೇಲೆ ಶೆಟ್ಟರು. ಖಾಸಗಿ ಶಾಲೆಗೆ ಸರ್ಕಾರದ ಪರ್ವಾನಗಿ ಬೇಕೇ ಬೇಕು. ತಾಲೀಮಾತಿನ, ಅಂದರೆ ವಿದ್ಯಾ ಇಲಾಖೆಯ, ಸಾಹೇಬರು ಗುರುವಾರ ಲಿಂಗಸುಗೂರಿನಲ್ಲಿ ಮುಕ್ಕಾಂ ಮಾಡುತ್ತಾರೆ, ಸಂಜೆ ಐದರೊಳಗೆ ಹಾಜರಾಗಿ ಉತ್ತರ ಕೊಡದಿದ್ದರೆ ಶಾಲೆ ಬಂದ್ ಎಂದು ನೋಟೀಸು ಬಂತು.

ನಾನು ಉರ್ದುವಿನಲ್ಲಿ ಚೆಂದಾಗಿ ಒಂದು ಉತ್ತರ ಬರೆದೆ. ನಮ್ಮ ಶಾಲೆಯಲ್ಲಿ ಕಲಿಸುವುದು ಮಸ್ಕಿಯ ಕಲ್ಲಿನಲ್ಲಿರುವ ಪಾಠವನ್ನು. ಇನ್ನೊಬ್ಬರ ಮತವನ್ನು ಹಳಿಯಬೇಡಿರಿ ಎಂದು ಅದರಲ್ಲಿ ಬರೆದಿದೆ. ನಾನೇ ಅದನ್ನು ಓದಿ ಮಕ್ಕಳಿಗೆ ಹೇಳಿಕೊಡುತ್ತೇನೆ ಎಂದು. ಕಲ್ಲಿನ ಅಚ್ಚನ್ನೇ ಕಾಗದದ ಮೇಲೆ ತೆಗೆದು ಸಾಹೇಬರ ಮುಂದೆ ಹಿಡಿಯೋಣ ಎಂದದ್ದು ದುರುಗಪ್ಪ. ನಿಜ ಹೇಳಬೇಕೆಂದರೆ ಆ ಲಿಪಿಯ ಒಂದು ಅಕ್ಷರವೂ ನನಗೆ ಬರುತ್ತಿರಲಿಲ್ಲ. ರಾಯಚೂರಿನಲ್ಲಿ ಒಮ್ಮೆ ಪಂಡಿತರೊಬ್ಬರ ಭಾಷಣ ಕೇಳಿದ್ದೆ, ಅಷ್ಟೇ ನನ್ನ ಬಂಡವಾಳ. ಕಸ ಹೊಡೆಯುವವನಿಗೆ ಬರುವುದು ಮಾಸ್ತರನಿಗೆ ಬರುವುದಿಲ್ಲ ಎಂದು ಹೇಳಲು ನಾಲಿಗೆ ಏಳಲಿಲ್ಲ. ಕೇಳಿದವರಿಗೆಲ್ಲ, ಮಕ್ಕಳಿಗೂ ಸಹ, ಬರುತ್ತದೆ ಎಂದೇ ಹೇಳಿದ್ದೆ.

ಮೋಟಾರು ಹತ್ತೂವರೆಗೆ ಬಿಟ್ಟಿತು. ದುರುಗಪ್ಪನಿಗೆ ಹಿಂದೆ ಒಲೆಯ ಪಕ್ಕ ನಿಲ್ಲಲು ಜಾಗ. ಎರಡೂ ಕಡೆ ಎರೆಹೊಲ, ಬಿಳಿಜೋಳ ಹಾಲುಗಟ್ಟಿತ್ತು, ಹೊಲದ ಬದುವಿನಲ್ಲಿ ಅಲ್ಲಲ್ಲಿ ಎಳೆತೆನೆಯ ಸೀತನಿ ಸುಡುವ ಹೊಗೆ. ಬೇರೆ ವರ್ಷವಾಗಿದ್ದರೆ ಮೋಟಾರು ನಿಲ್ಲಿಸಿ ಒಂದೊಂದು ಹಿಡಿ ಇಸಿದುಕೊಂಡು ತಿನ್ನುತ್ತಿದ್ದರು. ಈ ಸಲ ಯಾರೂ ನಿಲ್ಲಿಸು ಎನ್ನಲಿಲ್ಲ. ಒಳಗೆ ಕೂತವರು ಪಕ್ಕದವನ ಊರು ಯಾವುದು, ಹೆಸರು ಏನು ಎಂದು ಕೇಳಿಕೊಂಡು ಆಮೇಲೆ ಸುಮ್ಮನಾಗುತ್ತಿದ್ದರು. ಎರಡು ಕಡೆ ಇಳಿದು ನೂಕಿ, ಮಧ್ಯಾಹ್ನ ಎರಡಕ್ಕೆ ಮಸ್ಕಿ ಮುಟ್ಟಿದೆವು.

ಮಸ್ಕಿಯಲ್ಲಿ ನನ್ನ ಸೋದರತ್ತೆಯ ಮನೆ. ಅತ್ತೆ ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಹಾಕಿದರು. ದುರುಗಪ್ಪನಿಗೆ ಹೊರಗೆ ಜಗಲಿಯ ಬಂಕದ ಕೆಳಗೆ ಎಲೆಯ ಮೇಲೆ ಇಟ್ಟರು. ಇಂಥ ಹೊತ್ತಿನಲ್ಲಿ ಊರೂರು ತಿರುಗುವುದು ಯಾಕೆ, ಶಾಲೆ ಹೋದರೆ ಹೋಗಲಿ, ಜೀವ ಗಟ್ಟಿ ಇದ್ದರೆ ಕಿರಾಣಿ ಅಂಗಡಿ ಇಟ್ಟಾದರೂ ಬದುಕಬಹುದು ಎಂದು ನನಗೆ ಬುದ್ಧಿ ಹೇಳಿದರು. ಅತ್ತೆಯ ಮಾತಿನಲ್ಲಿ ನ್ಯಾಯವಿತ್ತು. ನನಗೂ ಒಳಗೊಳಗೆ ಅಂಜಿಕೆ ಇತ್ತು.

ಬುಧವಾರ ಹೊತ್ತು ಏರುತ್ತಲೇ ಗುಡ್ಡದ ಕಡೆ ಹೋದೆವು. ಕಲ್ಲು ಗುಡ್ಡದ ಇಳಿಜಾರಿನಲ್ಲಿದೆ. ಮೇಲೆ ಇನ್ನೊಂದು ಬಂಡೆ ಸೂರಿನ ಹಾಗೆ ಚಾಚಿ ನೆರಳು ಮಾಡಿದೆ. ಅಚ್ಚಿಗೆ ಸಿಹಿನೀರು ಬೇಕು. ಹಳ್ಳದ ನೀರು ಸವುಳು, ಕಾಗದ ಕಲೆಯಾಗುತ್ತದೆ. ಸಿಹಿನೀರಿನ ಬಾವಿ ಗುಡ್ಡದ ಬುಡದಲ್ಲೇ ಇತ್ತು, ಆದರೆ ಅದು ಊರವರ ಬಾವಿ. ದುರುಗಪ್ಪ ತನ್ನ ಮಣ್ಣಿನ ಗಡಿಗೆ ಹಿಡಿದು ದೂರ ನಿಂತ. ಯಾರಾದರೂ ಮನಸ್ಸು ಮಾಡಿ ಎತ್ತರದಿಂದ ಸುರಿಯಬೇಕು. ಹೆಂಗಸರು ಬಂದರು, ಸೇದಿದರು, ಹೋದರು. ನಾನು ಕಲ್ಲಿನ ಹತ್ತಿರ ನಿಂತು ಕೆಳಗೆ ನೋಡುತ್ತಿದ್ದೆ. ಹೋಗಿ ಸೇದಿ ಕೊಡಬಹುದಿತ್ತು. ಅತ್ತೆಯ ಊರು, ಎಲ್ಲರೂ ಗುರುತಿನವರು, ಬೀಗರು ಬೇರೆ ಇದ್ದರು. ಬಿಸಿಲು ನೆತ್ತಿಯ ಹತ್ತಿರ ಬಂದಾಗ ಒಬ್ಬ ಮುದುಕಿ ಸುರಿದಳು. ಒಂದೂವರೆ ತಾಸು ಹೋಗಿತ್ತು.

ಅವನ ಕೆಲಸ ಮಾತ್ರ ನೋಡುವಂಥದ್ದು. ಕಲ್ಲನ್ನು ತೊಳೆದು, ನೆನೆಸಿದ ಕಾಗದವನ್ನು ಅದರ ಮೇಲೆ ಹಾಸಿ, ಕುಂಚದಿಂದ ಮೆಲ್ಲಗೆ ಬಡಿಯುತ್ತಾ ಹೋದ. ಕಾಗದ ಅಕ್ಷರದ ಗೀರಿನೊಳಗೆ ಇಳಿಯಿತು. ಅರೆ ಒಣಗಿದ ಮೇಲೆ ದೀಪದ ಕಾಡಿಗೆಯಲ್ಲಿ ಅದ್ದಿದ ಅರಳೆಯುಂಡೆಯನ್ನು ಒತ್ತುತ್ತಾ ಬಂದ. ಆ ಅರಳೆ ಮೌಲಾಸಾಬ ಕೊಟ್ಟದ್ದು. ಮಗಳನ್ನು ಶಾಲೆ ಬಿಡಿಸಿದ ಮೇಲೂ, ಏನಕ್ಕೆ ಎಂದು ಕೇಳದೆ, ಹಸನು ಮಾಡಿ ಎಕ್ಕಿದ ಅರಳೆಯನ್ನು ಬಟ್ಟೆಯಲ್ಲಿ ಕಟ್ಟಿ ಕೊಟ್ಟಿದ್ದ. ಕಪ್ಪಿನ ನಡುವೆ ಬಿಳಿ ಅಕ್ಷರಗಳು ಎದ್ದು ಬಂದವು, ಎಂಟು ಸಾಲು. ದುರುಗಪ್ಪ ಬಾಯಲ್ಲೇ ಓದಿಕೊಳ್ಳುತ್ತಿದ್ದ. "ಮಾಸ್ತರ್ರೀ, ಈ ಸಾಲಿನಾಗ ನಡುವ ಕಲ್ಲು ಒಡದೈತಲ್ರಿ, ಅಲ್ಲಿ ನೀವು ಹೆಂಗ ಓದ್ತೀರಿ?" ಎಂದು ಕೇಳಿದ. ಬಿಸಿಲಿನಲ್ಲಿ ಹರಟೆ ಬೇಡ, ಬೇಗ ಮುಗಿಸು ಎಂದು ಗದರಿದೆ. ಅವನು ಒಂದು ಕ್ಷಣ ನನ್ನ ಮುಖ ನೋಡಿ ಮತ್ತೆ ಕಾಡಿಗೆ ಒತ್ತತೊಡಗಿದ.

ಲಿಂಗಸುಗೂರಿಗೆ ಹೋಗುವ ಮೋಟಾರು ಎರಡು ದಿನದಿಂದ ನಿಂತಿದೆ ಎಂದು ಗೊತ್ತಾಯಿತು. ಹುಸೇನಸಾಬ ಎಂಬ ಗಾಡಿಯವನು, ಬರುವಾಗ ಉಪ್ಪು ತರುವುದಿದೆ ಎಂದು ಒಪ್ಪಿಕೊಂಡ. ಹದಿನೇಳು ಮೈಲಿ. ಬುಧವಾರ ಮಧ್ಯಾಹ್ನ ಬಿಟ್ಟು, ದಾರಿಯ ಹಳ್ಳಿಯೊಂದರ ಗುಡಿಯಲ್ಲಿ ಮಲಗಿ, ಗುರುವಾರ ನಸುಕಿಗೆ ಮತ್ತೆ ಗಾಡಿ ಹೂಡಿದೆವು. ಹುಸೇನಸಾಬ ಎತ್ತುಗಳ ಕೊರಳಗೆಜ್ಜೆ ಬಿಚ್ಚಿ ಹುಲ್ಲಿನಲ್ಲಿ ಸುತ್ತಿಟ್ಟಿದ್ದ. ಈ ದಾರಿಯಲ್ಲಿ ಈಗ ಸಪ್ಪಳ ಮಾಡಿಕೊಂಡು ಹೋಗುವುದು ಸರಿಯಲ್ಲ ಎಂದ. ಎದುರಿಗೆ ಬಂದ ಗಾಡಿಯವರೂ ಎತ್ತ ಹೊರಟಿರಿ ಎನ್ನದೆ ತಲೆ ತಗ್ಗಿಸಿ ದಾಟಿದರು.

ಊರು ಇನ್ನೊಂದು ಮೈಲಿ ಇರುವಾಗ ನಾಕಾ. ರಸ್ತೆಗೆ ಅಡ್ಡ ಬೊಂಬು, ಬಂದೂಕಿನ ಇಬ್ಬರು ಪೊಲೀಸರು, ಲಾಠಿ ಹಿಡಿದ ನಾಲ್ಕಾರು ಜನ. ಗಂಟು ಬಿಚ್ಚಿಸಿದರು. ರೊಟ್ಟಿ ಮುರಿದು ನೋಡಿದರು. ಆಮೇಲೆ ಬಿದಿರಿನ ಕೊಳವೆಯಿಂದ ಸುತ್ತಿದ ಕಾಗದ ಹೊರಬಂತು. ಒಬ್ಬ ಬಿಡಿಸಿದ. ಗಡಿಗೆಯ ಮಸಿಯ ಹಾಗೆ ಕಪ್ಪು, ಅದರಲ್ಲಿ ಕಡ್ಡಿ, ಕೊಕ್ಕೆ, ಸುತ್ತು. ಉರ್ದು ಅಲ್ಲ, ಕನ್ನಡ ಅಲ್ಲ, ತೆಲುಗು ಅಲ್ಲ, ಇಂಗ್ಲಿಷೂ ಅಲ್ಲ. ಅವರ ಮುಖ ಬದಲಾದದ್ದು ನನಗೆ ಕಂಡಿತು. ಗಡಿ ಆಚೆ ನಿಜಾಮರ ವಿರುದ್ಧ ಶಿಬಿರ ಹೂಡಿದವರಿಗೆ ಸುದ್ದಿ ಒಯ್ಯುವ ಕಳ್ಳಬರಹ ಎಂದು ಒಬ್ಬ ಕೂಗಿದ. ನನ್ನ ಪೇಟ ಹಾರಿತು. ದುರುಗಪ್ಪನ ಬೆನ್ನಿಗೆ ಬಂದೂಕಿನ ಹಿಂಬದಿ ಬಿತ್ತು. ಹುಸೇನಸಾಬ, ಇವರು ಮಾಸ್ತರರು, ಮಸ್ಕಿಯ ಗುಡ್ಡದ ಕಲ್ಲಿನ ಕಾಗದ ಅದು ಎಂದು ಹೇಳಲು ಹೋಗಿ ತಾನೂ ಒಂದು ಪೆಟ್ಟು ತಿಂದ. ಆ ಮನುಷ್ಯನಿಗೂ ನಮಗೂ ನಿನ್ನೆಯ ಗುರುತು ಅಷ್ಟೇ.

ಗಾಡಿಯವನನ್ನು ಬಿಟ್ಟು ನಮ್ಮಿಬ್ಬರನ್ನು ಊರ ಠಾಣೆಗೆ ನಡೆಸಿದರು. ಅಲ್ಲಿ ಠಾಣೆಯ ಯಜಮಾನ ಅಮೀನ್ ಸಾಹೇಬರು ಚಹಾ ಕುಡಿಯುತ್ತಿದ್ದರು. ವಯಸ್ಸಾದವರು, ನಿದ್ದೆಗೆಟ್ಟ ಕಣ್ಣು. ಕೂಗಾಡಲಿಲ್ಲ, ಅದಕ್ಕೇ ನನಗೆ ಇನ್ನೂ ಅಂಜಿಕೆಯಾಯಿತು. ಕಾಗದವನ್ನು ಮೇಜಿನ ಮೇಲೆ ಹಾಸಿ, ನಾಲ್ಕು ಮೂಲೆಗೆ ನಾಲ್ಕು ಮಸಿಯ ದೌತಿ ಇಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ದುರುಗಪ್ಪನನ್ನು ಹಿಂದಿನ ಕೋಣೆಗೆ ಕಳಿಸಿ, ಉರ್ದುವಿನಲ್ಲಿ ನನ್ನನ್ನು ಕೇಳಿದರು, ಇದರಲ್ಲಿ ಏನು ಬರೆದಿದೆ ಎಂದು. ನನ್ನ ಉತ್ತರಪತ್ರ ಅವರ ಕೈಯಲ್ಲಿತ್ತು. ನಾನು ಅದರಲ್ಲಿದ್ದದ್ದನ್ನೇ ಹೇಳಿದೆ: ಇನ್ನೊಬ್ಬರ ಮತವನ್ನು ಹಳಿಯಬೇಡಿರಿ ಎಂದು. ನೀನೇ ಓದಿದೆಯಾ ಎಂದರು. ಹೌದು ಎಂದೆ. ಮುನ್ಷಿ ಬರೆದುಕೊಂಡ. ನನ್ನನ್ನು ಹೊರಗೆ ಕೂಡಿಸಿ ದುರುಗಪ್ಪನನ್ನು ಒಳಗೆ ಕರೆದರು.

ಹೊರಗಿನ ಕಟ್ಟೆಯ ಮೇಲೆ ಕೂತು ನಾನೂ ಉಸಿರು ಎಣಿಸಲು ನೋಡಿದೆ. ನಾಲ್ಕಕ್ಕೆ ತಪ್ಪಿತು. ಮತ್ತೆ ಒಂದರಿಂದ ಹಿಡಿದೆ, ಮತ್ತೆ ನಾಲ್ಕಕ್ಕೆ ತಪ್ಪಿತು. ಠಾಣೆಯ ಗಡಿಯಾರ ಹನ್ನೊಂದು ಹೊಡೆಯಿತು. ಸಂಜೆ ಐದರೊಳಗೆ ತಾಲೀಮಾತಿನ ಸಾಹೇಬರ ಮುಂದೆ ನಿಲ್ಲದಿದ್ದರೆ ಶಾಲೆ ಹೋಯಿತು. ಅದಕ್ಕಿಂತ ಮೊದಲು ನಾವಿಬ್ಬರೂ ಎಲ್ಲಿಗೆ ಹೋಗುತ್ತೇವೋ ಎನ್ನುವುದೇ ಗೊತ್ತಿರಲಿಲ್ಲ. ಹಿಂದಿನ ವಾರ ಇದೇ ದಾರಿಯಲ್ಲಿ ಹಿಡಿದ ಇಬ್ಬರು ಇನ್ನೂ ಮನೆಗೆ ಬಂದಿಲ್ಲ ಎಂದು ಹುಸೇನಸಾಬ ದಾರಿಯಲ್ಲಿ ಹೇಳಿದ್ದ.

ಒಳಗೆ ಕರೆದಾಗ ಅಮೀನ್ ಸಾಹೇಬರ ಮುಖ ಕಲ್ಲಾಗಿತ್ತು. ಇವನು ಬೇರೆ ಹೇಳುತ್ತಾನೆ ಎಂದರು. ದೊಡ್ಡವರಿಗೆ ಮಾತ್ರ ಧರ್ಮ ದಕ್ಕುತ್ತದೆ ಎಂದು ತಿಳಿಯಬಾರದು, ಸಣ್ಣವನೂ ಪ್ರಯತ್ನ ಮಾಡಿದರೆ ಮುಟ್ಟಬಲ್ಲ, ಸಣ್ಣವರಿಗೂ ದೊಡ್ಡವರಿಗೂ ಇದನ್ನು ಹೇಳಿರಿ, ಹೀಗಿದೆಯಂತೆ ಅದರಲ್ಲಿ. ಮತ ಹಳಿಯುವ ಮಾತೇ ಇಲ್ಲವಂತೆ. ಒಂದೇ ಕಾಗದ, ಇಬ್ಬರ ಬಾಯಲ್ಲಿ ಎರಡು ಅರ್ಥ. "ಇಬ್ಬರಲ್ಲಿ ಒಬ್ಬ ಸುಳ್ಳ. ಇಲ್ಲಾ, ಇದು ಬರಹವೇ ಅಲ್ಲ, ಗುರುತು. ಇಬ್ಬರನ್ನೂ ಜಿಲ್ಲೆಗೆ ಕಳಿಸುತ್ತೇನೆ" ಎಂದರು.

ಆಗ ನನಗೆ ರಾಯಚೂರಿನ ಭಾಷಣ ನೆನಪಾಯಿತು. ಆ ಪಂಡಿತರು ಒಂದಲ್ಲ, ಹತ್ತಾರು ಕಲ್ಲುಗಳ ವಿಷಯ ಹೇಳಿದ್ದರು. ಇನ್ನೊಬ್ಬರ ಮತದ ಮಾತು ಬೇರೆ ಯಾವುದೋ ಊರಿನ ಕಲ್ಲಿನದು. ಚಪ್ಪಾಳೆ ಬಿದ್ದ ಮಾತನ್ನು ನೆನಪಿಟ್ಟುಕೊಂಡು ನಾನು ಮಸ್ಕಿಯ ಕಲ್ಲಿಗೆ ಅಂಟಿಸಿದ್ದೆ. ದುರುಗಪ್ಪ ನನ್ನ ಕಡೆ ನೋಡಲಿಲ್ಲ. ಮಾಸ್ತರ ಹೇಳಿದ್ದೇ ಸರಿ ಎಂದು ಅವನು ಒಂದು ಮಾತು ಹೇಳಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು, ಇಬ್ಬರ ಜೀವವೂ ಉಳಿಯುತ್ತಿತ್ತೋ ಏನೋ. ಅವನು ಹೇಳಲಿಲ್ಲ. ನೆಲ ನೋಡುತ್ತಾ, "ಇದ್ದದ್ದ ಓದೀನ್ರಿ. ಇಲ್ಲದ್ದು ಓದಾಕ ಬರಂಗಿಲ್ಲ" ಎಂದ. ಬೆನ್ನಿಗೆ ಬಿದ್ದ ಪೆಟ್ಟಿನಿಂದ ನೆಟ್ಟಗೆ ನಿಲ್ಲಲಿಕ್ಕೂ ಆಗುತ್ತಿರಲಿಲ್ಲ.

ನಾಚಿಕೆಯಿಂದ ನನ್ನ ಕಿವಿಗಳು ಬಿಸಿಯಾದವು. ಜೀವದಂಜಿಕೆಗಿಂತ ಆ ನಾಚಿಕೆಯೇ ದೊಡ್ಡದಾಗಿತ್ತು ಎಂದರೆ ಓದುವವರು ನಂಬಲಿಕ್ಕಿಲ್ಲ. ಉರ್ದು ಬಿಟ್ಟು ಕನ್ನಡದಲ್ಲಿ ಹೇಳಿದೆ, ಅವನಿಗೂ ತಿಳಿಯಲಿ ಎಂದು. "ಸಾಹೇಬರ, ಸುಳ್ಳ ನಾನು. ನನಗ ಈ ಅಕ್ಷರ ಒಂದೂ ಬರಂಗಿಲ್ಲ. ಓದಾಕ ಬರೋದು ದುರುಗಪ್ಪಗ."

ಅವನನ್ನು ಹಾಗೆ ಪೂರ್ತಿ ಹೆಸರಿನಿಂದ ಕರೆದದ್ದು ಅದೇ ಮೊದಲು. ಅವನು ತಲೆ ಎತ್ತಿ ನೋಡಿದ.

ಅಮೀನ್ ಸಾಹೇಬರು ಚಹಾದ ಬಟ್ಟಲನ್ನು ಬದಿಗೆ ಸರಿಸಿದರು. ಆಮೇಲೆ ಒಂದು ರದ್ದಿ ಕಾಗದ ತೆಗೆದುಕೊಂಡು ನಡುವೆ ಒಂದಾಣೆ ಬಿಲ್ಲೆಯಷ್ಟು ತೂತು ಮಾಡಿದರು. ಅದನ್ನು ಅಚ್ಚಿನ ಮೇಲೆ ಒಂದು ಕಡೆ ಇಟ್ಟು, ತೂತಿನಲ್ಲಿ ಕಾಣುವ ಅಕ್ಷರ ಯಾವುದು ಎಂದು ದುರುಗಪ್ಪನನ್ನು ಕೇಳಿದರು. ಅವನು ಹೇಳಿದ, ಮುನ್ಷಿ ಬರೆದುಕೊಂಡ. ಇನ್ನೊಂದು ಕಡೆ ಇಟ್ಟರು, ಅಲ್ಲಿಂದ ಮತ್ತೊಂದು ಕಡೆ. ಮೊದಲು ತೋರಿಸಿದ ಜಾಗಕ್ಕೇ ನಡುನಡುವೆ ತಿರುಗಿ ಬರುತ್ತಿದ್ದರು. ಮುನ್ಷಿ ಹಳೆಯ ಉತ್ತರ ತೆಗೆದು ನೋಡಿ, ಅದೇ ಇದೆ ಎಂದು ಪ್ರತಿ ಸಲ ತಲೆಯಾಡಿಸಿದ. ನಾನು ಮೇಜಿನ ಅಂಚು ಹಿಡಿದು ನಿಂತಿದ್ದೆ. ಕಡೆಗೆ ಸಾಹೇಬರು ಅವನ ಮುಖವನ್ನು ಗೋಡೆಯ ಕಡೆ ತಿರುಗಿಸಿ, ಅಚ್ಚಿನ ಕಾಗದವನ್ನೇ ತಿರುವಿ, ತೂತನ್ನು ಒಂದು ಕಡೆ ಇಟ್ಟು, ನೋಡು ಎಂದರು. ದುರುಗಪ್ಪ ಬಗ್ಗಿದ, ಬೆನ್ನು ಹಿಡಿದುಕೊಂಡು ಇನ್ನಷ್ಟು ಬಗ್ಗಿದ.

"ಸಾಹೇಬರ, ಕಾಗದ ತೆಲಿಕೆಳಗ ಆಗೇತ್ರಿ" ಎಂದ.

ಅಮೀನ್ ಸಾಹೇಬರು ದೌತಿಗಳನ್ನು ಒಂದೊಂದಾಗಿ ಎತ್ತಿದರು. ಬರಹವೆಂಬುದು ನಿಜ, ಓದುವವನೂ ನಿಜ ಎಂದು ಮುನ್ಷಿಗೆ ಬರೆಯಲು ಹೇಳಿದರು. ಉತ್ತರಪತ್ರದಲ್ಲಿ ಮಾಸ್ತರ ಬರೆದದ್ದು ಸುಳ್ಳು ಎಂದೂ ಬರೆಸಿದರು. ಆ ಚೀಟಿಯನ್ನು ಲಕೋಟೆಗೆ ಹಾಕಿ ಅರಗು ಒತ್ತಿ, ತಾಲೀಮಾತಿನ ಸಾಹೇಬರಿಗೆ ನೀವೇ ಒಯ್ದು ಕೊಡಿರಿ ಎಂದು ನನ್ನ ಕೈಗೇ ಕೊಟ್ಟರು. ಅಚ್ಚು ಮಾತ್ರ ಜಪ್ತಿ, ಮೇಲಿನವರು ನೋಡಬೇಕು. ಹೊರಡುವಾಗ ದುರುಗಪ್ಪನನ್ನು ನಿಲ್ಲಿಸಿ, ಸಣ್ಣವರೂ ದೊಡ್ಡವರೂ ಎಂದು ನಿಜವಾಗಿಯೂ ಬಾದಶಹನೇ ಬರೆಸಿದನೇ ಎಂದು ಕೇಳಿದರು. ಹೌದು ಎಂದ ಇವನು. ಸಾಹೇಬರು ಆರಿದ ಚಹಾ ಎತ್ತಿಕೊಂಡರು. ನಮ್ಮನ್ನು ಬಿಟ್ಟಾಗ ಮೂರೂವರೆ.

ತಾಲೀಮಾತಿನ ಸಾಹೇಬರು ಇಳಿದುಕೊಂಡಿದ್ದ ಮುಸಾಫಿರಿ ಬಂಗಲೆ ಊರ ಇನ್ನೊಂದು ತುದಿಗೆ. ದುರುಗಪ್ಪನಿಗೆ ನಡೆಯಲು ಆಗುತ್ತಿರಲಿಲ್ಲ. ಅವನ ತೋಳನ್ನು ನನ್ನ ಹೆಗಲಿನ ಮೇಲೆ ಹಾಕಿಕೊಂಡು ನಡೆದೆ. ಕಚೇರಿಯ ಮುಂದೆ, ಅಂಗಡಿ ಸಾಲಿನ ಮುಂದೆ ಜನ ನಿಂತು ನೋಡಿದರು. ನೋಡಲಿ ಎಂದು ನಡೆದೆ ಎಂದರೆ ಸುಳ್ಳಾಗುತ್ತದೆ. ಸುಳ್ಳಿನ ದೆಸೆಯಿಂದ ಅವತ್ತು ಸಾಕಾಗಿತ್ತು, ಆದ್ದರಿಂದ ಇದ್ದದ್ದು ಹೇಳುತ್ತೇನೆ: ಮುಖ ತಗ್ಗಿಸಿಕೊಂಡೇ ನಡೆದೆ.

ಬಂಗಲೆಯ ಮುಂದೆ ಸಾಮಾನು ಗಾಡಿಗೆ ಏರುತ್ತಿತ್ತು. ತಾಲೀಮಾತಿನ ಸಾಹೇಬರು ಲಕೋಟೆ ಒಡೆದು ಓದಿ, ಕಾಯಿದೆ ಹೇಳಿದರು. ಸುಳ್ಳು ಹೇಳಿಕೆ ಕೊಟ್ಟವನ ಹೆಸರಿಗೆ ಪರ್ವಾನಗಿ ಸಿಗುವುದಿಲ್ಲ. ಶಾಲೆ ಇವತ್ತಿನಿಂದ ಬಂದ್. ಬೇರೆ ಯಾರಾದರೂ ತಮ್ಮ ಹೆಸರಿನಲ್ಲಿ ಹೊಸ ದರಖಾಸ್ತು ಕೊಟ್ಟರೆ, ಗಾಡಿ ಹೂಡುವುದರೊಳಗೆ ಕೊಟ್ಟರೆ, ನೋಡಬಹುದು. ಆ ಹೊತ್ತಿನಲ್ಲಿ ಬೇರೆ ಯಾರು ಸಿಗಬೇಕು? ಸಿಂಧನೂರಿನ ಶೆಟ್ಟರನ್ನು ಕರೆತರಲು ಹಾರಿ ಹೋಗಬೇಕಿತ್ತು. ನಾನು ದುರುಗಪ್ಪನ ಕಡೆ ನೋಡಿದೆ.

"ಬ್ಯಾಡ್ರಿ ಮಾಸ್ತರ್ರೀ" ಎಂದ ಅವನು. "ನನ್ನ ಹೆಸರಿದ್ರ ಶೆಟ್ಟರ ಮಕ್ಕಳು ಮತ್ತ ಬರಂಗಿಲ್ಲ. ಸಾಲಿ ಉಳದೂ ಉಳೀದಂಗ ಆಗತೈತಿ."

ಅವನ ಮಾತು ಖರೆ ಇತ್ತು. ನನ್ನ ಜಾತಿಯವರ ಮಕ್ಕಳೂ ಬರುವುದಿಲ್ಲ ಎಂದು ನನಗೆ ಅವನಿಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ ಮೆಟ್ಟಿಲ ಮೇಲೆ ಕೂತು, ತೊಡೆಯ ಮೇಲೆ ಕಾಗದ ಇಟ್ಟುಕೊಂಡು, ಉರ್ದುವಿನಲ್ಲಿ ಬರೆದೆ. ಉಸ್ತಾದರ ಹೆಸರು ಎಂಬಲ್ಲಿ ದುರುಗಪ್ಪ ಎಂದು ಬರೆದೆ. ಮದತ್‌ಗಾರ, ಅಂದರೆ ಸಹಾಯಕ, ಎಂಬಲ್ಲಿ ಸಂಗಯ್ಯ ಎಂದು ಬರೆದೆ. ಅವನು ಕನ್ನಡದಲ್ಲಿ ದುಂಡಗೆ ಸಹಿ ಹಾಕಿದ. ಸಾಹೇಬರು ಎರಡು ಸಲ ಓದಿ, ಆರು ತಿಂಗಳಿಗೆ ಮಂಜೂರು ಎಂದು ಬರೆದು, ಕೆಳಗೆ ಒಂದು ಷರತ್ತು ಸೇರಿಸಿದರು: ಮಕ್ಕಳು ಕಣ್ಣು ಮುಚ್ಚಿ ಕೂಡುವಾಗ ಶಾಲೆಯ ಬಾಗಿಲು ತೆರೆದಿರಬೇಕು. ಐದಕ್ಕೆ ಅವರ ಗಾಡಿ ಹೊರಟಿತು.

ಹುಸೇನಸಾಬ ಉಪ್ಪು ತುಂಬಿಕೊಂಡು, ಊದಿದ ತುಟಿಯಲ್ಲೇ ಬೀಡಿ ಸೇದುತ್ತಾ ನಮಗಾಗಿ ಕಾದಿದ್ದ. ಮರುದಿನ ಮಧ್ಯಾಹ್ನಕ್ಕೆ ಮಸ್ಕಿ ಮುಟ್ಟಿದೆವು. ಅಚ್ಚು ಹೋಗಿತ್ತು, ಗಂಟಿನಲ್ಲಿ ಇನ್ನೊಂದು ಹಾಳೆ ಉಳಿದಿತ್ತು. ನಾನು ಅತ್ತೆಯ ಮನೆಯೊಳಗೆ ಹೋಗಿ ತಾಮ್ರದ ಕೊಡ ಎತ್ತಿಕೊಂಡು ಬಾವಿಗೆ ಹೋದೆ. ನೀರು ಸೇದಿದೆ. ಹೆಂಗಸರು ಹಗ್ಗ ಬಿಟ್ಟು ಸರಿದು ನಿಂತರು. ಅತ್ತೆ ಸುದ್ದಿ ಕೇಳಿ ಏದುತ್ತಾ ಬಂದರು. ಲೇ ಸಂಗ್ಯಾ, ಯಾರಿಗೆ ನೀರು ಹೊರಾಕತ್ತಿ ಎಂದು ಎಲ್ಲರ ಮುಂದೆ ಕೇಳಿದರು. "ನಮ್ಮ ಸಾಲಿ ಮಾಸ್ತರಗ, ಅತ್ತಿ" ಎಂದೆ. ಅತ್ತೆ ಗುಡ್ಡದ ಕಡೆ ನೋಡಿದರು. ಕಲ್ಲಿನ ಹತ್ತಿರ ಕೂತಿದ್ದವನನ್ನು ಕಂಡು, ಆ ಕೊಡ ಇನ್ನು ನನ್ನ ಮನೆಗೆ ತರಬ್ಯಾಡ ಎಂದು ಹೇಳಿ ಹೋದರು. ಕೊಡ ದುರುಗಪ್ಪನ ಕೈಗೆ ಕೊಟ್ಟೆ. ಅದು ಈಗ ನಮ್ಮ ಶಾಲೆಯಲ್ಲಿ ಕುಡಿಯುವ ನೀರಿನ ಕೊಡ.

ಸೋಮವಾರ ಶಾಲೆ ತೆರೆದೆವು. ಗೋಡೆಗೆ ಹೊಸದಾಗಿ ಅಚ್ಚು ತೆಗೆದ ಎಂಟು ಸಾಲಿನ ಕಾಗದ ತೂಗುಹಾಕಿದ್ದೆವು. ಕೇರಿಯ ಮಕ್ಕಳು ಬಂದರು. ಸ್ವಲ್ಪ ಹೊತ್ತಾದ ಮೇಲೆ ಮೌಲಾಸಾಬ ಮಗಳ ಕೈಹಿಡಿದು ಬಂದು, ಗೋಡೆಯ ಕಾಗದ ನೋಡಿ, ನನ್ನ ಅರಳೆ ಇದಕ್ಕೇನು ಎಂದು ಕೇಳಿ, ಹುಡುಗಿಯನ್ನು ಬಿಟ್ಟು ಹೋದ. ಶೆಟ್ಟರ ಓಣಿಯಿಂದ ಯಾರೂ ಬರಲಿಲ್ಲ. ಬೇರೆ ಓಣಿಯವರಿಲ್ಲದೆ ದುರುಗಪ್ಪ ಮಾಸ್ತರು ಕೇರಿಯ ಮಕ್ಕಳನ್ನೇ ಜೋಡಿ ಮಾಡಿದರು. ಒಟ್ಟು ಒಂಬತ್ತು ಮಕ್ಕಳು. ಪಾಟಿ ತೊಡೆಯ ಮೇಲಿಟ್ಟುಕೊಂಡು ಫಾತಿಮಾ ಒಬ್ಬಳೇ ಉಳಿದಳು, ನೀಲಮ್ಮ ಕೂಡುತ್ತಿದ್ದ ಜಾಗವನ್ನು ಕೈಯಿಂದ ಒರೆಸಿ ಬಾಗಿಲ ಕಡೆ ನೋಡುತ್ತಿದ್ದಳು. ನಾನು ಹೋಗಿ ಆ ಜಾಗದಲ್ಲಿ ಕೂತೆ.

ಬಾಗಿಲು ತೆರೆದೇ ಇತ್ತು. ಎಲ್ಲರೂ ಕಣ್ಣು ಮುಚ್ಚಿ ಹತ್ತು ಉಸಿರು ಎಣಿಸಿದೆವು. ನನಗೆ ಏಳರ ತನಕ ಬಂತು. ಆಮೇಲೆ ಮಾಸ್ತರು ಕಲ್ಲಿನ ಮೊದಲ ಅಕ್ಷರವನ್ನು ಗೋಡೆಯ ಮೇಲೆ ಸುಣ್ಣದಿಂದ ದೊಡ್ಡದಾಗಿ ಬರೆದು, ಅದರ ಹೆಸರನ್ನು ಒಂದೇ ಸಲ ಹೇಳಿ, ಬರೆಯಿರಿ ಎಂದರು. ಫಾತಿಮಾ ನಾಲಿಗೆ ಕಚ್ಚಿಕೊಂಡು ಪಾಟಿಯ ಮೇಲೆ ಅದನ್ನು ಬರೆದು ನನ್ನ ಮುಂದೆ ಹಿಡಿದಳು. ಓದುವ ಸರದಿ ನನ್ನದು. ಮಾಸ್ತರು ಹೇಳಿದ ಹೆಸರು ಅಷ್ಟರಲ್ಲೇ ಮರೆತಿತ್ತು, ನನಗೆ ಬರಲಿಲ್ಲ. ಇದು ಏನವ್ವಾ ಎಂದು ಅವಳನ್ನೇ ಕೇಳಿದೆ.